ಸಿಂಹ ಕಚ್ಚಿದ ಕೋವಿ

ಓಕಿ ಮಾಮನ ಮನೆಯಲ್ಲಿ ಮರದ ತೂತು ಮುಚ್ಚುವ ಪುಟ್ಟಿ ಅರ್ಧ ಡಬ್ಬಿ ಮಿಕ್ಕಿತ್ತು. ಡೋರ್ನ್‌ವ್ಲೇ ಊರಿನಲ್ಲಿ ಆ ಶನಿವಾರ ನಡೆದ ಅನ್ಯಾಯಕ್ಕೆಲ್ಲ ಅದೇ ಮೂಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಬಡಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಓಕಿ ಮಾಮನಿಗೆ ಮಗು ಸಿಗಲಿಲ್ಲ, ಪಕ್ಕದ ಮನೆಯ ಸಾರೆಲ್ ಕ್ರಿಟ್ಸಿಂಗರನ ಕೋವಿ ಸಿಕ್ಕಿತು.

ಅದೇನು ಅಂತಿಂಥ ಕೋವಿಯೇ? ಸಾರೆಲ್‌ನ ಮುತ್ತಜ್ಜ ಆನೆ, ಕಾಡುಕೋಣಗಳಿಗೆಂದೇ ಇಂಗ್ಲೆಂಡಿನಿಂದ ತರಿಸಿದ್ದ ಜೋಡುನಳಿಗೆಯ ಕೋವಿ. ಒಂದು ನಳಿಗೆಯ ಗುಂಡು ತಪ್ಪಿದರೆ ಪ್ರಾಣ ಉಳಿಸಲು ಇನ್ನೊಂದು. ಎರಡೂ ಖಾಲಿಯಾದ ಒಂದು ದಿನ ಮುತ್ತಜ್ಜ ಆ ಕೋವಿಯನ್ನೇ ಸಿಂಹದ ಬಾಯಿಗೆ ಅಡ್ಡ ಕೊಟ್ಟು ಬದುಕಿ ಬಂದಿದ್ದ. ಮರದ ಹಿಡಿಯ ಮೇಲೆ ಸಿಂಹದ ಕೋರೆಹಲ್ಲಿನ ನಾಲ್ಕು ಗುರುತು ಹಾಗೇ ಉಳಿದಿದ್ದವು.

ಹಳೇ ಕೋವಿಗಳ ಸಂಘದವರು ವರ್ಷಕ್ಕೊಮ್ಮೆ ಕಾಡುಕೋಣದ ಬೇಟೆಗೆ ಹೋಗುತ್ತಾರೆ. ಯಾರು ಹೋಗಬೇಕೆಂದು ಚೀಟಿ ಎತ್ತುತ್ತಾರೆ. ಸೊಸೈಟಿಯಲ್ಲಿ ಜೋಳದ ಮೂಟೆ ತೂಗುವ ಸಾರೆಲ್‌ಗೆ, ಮದುವೆಯಾದಾಗಿನಿಂದ ಕಾದ ಮೇಲೆ, ಈ ಸಲ ಚೀಟಿ ಬಿದ್ದಿತ್ತು. ಮುತ್ತಜ್ಜನ ಕೋವಿಯಿಂದ ಒಂದೇ ಒಂದು ಕಾಡುಕೋಣ. ದೇವರನ್ನು ಅವನು ಕೇಳಿಕೊಂಡಿದ್ದು ಅಷ್ಟೇ. ಆದರೆ ಹೊರಡುವ ಮೊದಲು ಸಂಘದ ಡಾಕ್ಟರ್ ಮಾಲ್ಹರ್ಬ ಪ್ರಿಟೋರಿಯಾದಿಂದ ಬಂದು, ಕೋವಿಗೆ ಇತಿಹಾಸ ಉಂಟೋ ಇಲ್ಲವೋ ಪರೀಕ್ಷಿಸಿ ಪಾಸು ಮಾಡಬೇಕು. ಸಂಘದ ಹಾಲ್‌ನಲ್ಲಿ ಹೊಸ ಗಾಜಿನ ಬೀರು ಮಾಡಿಸಿ, ಅದನ್ನು ಖಾಲಿ ಇಟ್ಟುಕೊಂಡು ಕೂತಿದ್ದವರು ಅವರು. ಹೋದ ವರ್ಷ ಓಕಿ ಮಾಮನ ಜೋಡುನಳಿಗೆಯನ್ನು ನೋಡಿ, “ಇದಕ್ಕೆ ಹಿಂದಿಲ್ಲ ಮುಂದಿಲ್ಲ, ಅಟ್ಟದ ಮೇಲಿಡಿ” ಅಂದಿದ್ದರು.

ಬಾರು ಸಿಕ್ಕಿಸುವ ಕೊಂಡಿ ಸಡಿಲವಾಗಿದೆಯೆಂದು ಸಾರೆಲ್ ಹಿಂದಿನ ದಿನ ಕೋವಿಯನ್ನು ಓಕಿ ಮಾಮನ ಕೈಗೆ ಕೊಟ್ಟಿದ್ದ. ಬೆಳಿಗ್ಗೆ ಸಾರೆಲ್ ಕಾಫಿ ಕುಡಿಯುತ್ತಿದ್ದಾಗ ಮಾಮ ಅದನ್ನು ಹೆಗಲ ಮೇಲೆ ಹೊತ್ತು ಬಂದ.

“ತಗೋ ಕಣೋ, ಕೊಂಡಿ ಬಿಗಿ ಮಾಡಿದೀನಿ. ನೀನು ಕೇಳ್ದೆ ಇದ್ರೂ ಇನ್ನೊಂದು ಕೆಲ್ಸಾನೂ ಮಾಡಿದೀನಿ. ನೋಡು, ಮದುಮಗಳ ಕೆನ್ನೆ ಥರ ಆಗೈತೆ!”

ಸಾರೆಲ್ ಹಿಡಿಯ ಮೇಲೆ ಕೈಯಾಡಿಸಿದ. ನುಣ್ಣಗಿತ್ತು.

“ಹಲ್ಲು... ಮಾಮ, ಹಲ್ಲೆಲ್ಲಿ?”

“ಯಾವ ಹಲ್ಲೋ? ನಾಕು ತೂತಿದ್ವು. ಪುಟ್ಟಿ ತುಂಬಿ ಪಾಲಿಶ್ ಹೊಡ್ದೆ. ದುಡ್ಡು ಗಿಡ್ಡು ಏನೂ ಬೇಡಪ್ಪ.”

“ತೂತಾ! ಸಿಂಹ ಮಾಮ, ಸಿಂಹ! ನಮ್ಮ ಮುತ್ತಜ್ಜನ್ನ ತಿನ್ನೋಕೆ ಬಂದಿದ್ದ ಸಿಂಹ!”

“ಅಯ್ಯೋ ದೇವ್ರೇ, ಅದು ನಿಜಾನಾ? ನಿಮ್ಮಪ್ಪ ಬಿಡ್ತಿದ್ದ ಬುರುಡೆ ಅಂದ್ಕೊಂಡಿದ್ದೆ.”

ಸಾರೆಲ್ ಮೊಳೆ ಹಿಡಿದು ಕೆರೆಯಹೋದ. ಮಾಮ ಕೈ ಹಿಡಿದ. “ಪುಟ್ಟಿ ಕಲ್ಲಾಗೈತೆ. ಕೆರೆದ್ರೆ ಮರಾನೇ ಎದ್ದು ಬರ್ತೈತೆ.”

“ಡಾಕ್ಟ್ರು ಇನ್ನೇನು ಬಂದ್ಬಿಡ್ತಾರೆ! ನಾನು ಕಾದಿದ್ದೆಲ್ಲ ಮಣ್ಣುಪಾಲು! ನಿಮ್ಮ ಪುಟ್ಟಿಗೆ ಬೆಂಕಿ ಬೀಳ!”

ಸಾರೆಲ್‌ನ ಹೆಂಡತಿ ಹೆಸ್ತರ್ ಒಲೆಯ ಮುಂದಿನಿಂದಲೇ ಹೇಳಿದಳು: “ಕೂಗಾಡಿದ್ರೆ ಏನ್ ಬಂತು? ಬ್ಲಿಕ್ಸಮ್ ಬಿದ್ಕೊಂಡೈತಲ್ಲ ಅಲ್ಲಿ. ನನ್ನ ಹೊಸ ಚಪ್ಪಲಿಗೆ ಆಗೋ ಹಲ್ಲು ನಿಮ್ಮ ಕೋವಿಗೆ ಆಗಲ್ವಾ?”

ಬ್ಲಿಕ್ಸಮ್ ಅಂದರೆ ಅವರ ಮುದಿ ನಾಯಿ. ಕರುವಿನಷ್ಟು ದೊಡ್ಡದು. ಕೋವಿಯ ಹಿಡಿಗೆ ಕುರಿಯ ಕೊಬ್ಬು ಸವರಿ ಅದರ ಮೂತಿಗೆ ಹಿಡಿದರು. ನಾಯಿ ನೆಕ್ಕಿತು. ಒಣಮಾಂಸದ ಚೂರು ಕಟ್ಟಿದರು. ಚೂರನ್ನಷ್ಟೇ ಬಿಡಿಸಿಕೊಂಡು ತಿಂದಿತು. ಕೊನೆಗೆ ಓಕಿ ಮಾಮ ನಾಲ್ಕು ಕಾಲಿನ ಮೇಲೆ ನಿಂತು, “ಹಿಂಗೆ ಕಣೋ ಮುಂಡೇದೇ” ಎಂದು ಗರ್ಜಿಸಿ ತೋರಿಸಿದ. ಎದುರುಮನೆಯವರು ಬೇಲಿಗೆ ಬಂದು ನಿಂತರು. ನಾಯಿ ಹೆದರಿ ಮೇಜಿನ ಕೆಳಗೆ ಸೇರಿತು.

“ಕಿತ್ಕೊಳ್ರೀ ಅದರ ಬಾಯಿಂದ!” ಎಂದಳು ಹೆಸ್ತರ್. “ಕೊಟ್ಟರೆ ಬೇಡ, ಕಿತ್ಕೊಂಡ್ರೆ ಬೇಕು. ಗಂಡಸರ ಬುದ್ಧೀನೇ ಅದಕ್ಕೂ.”

ಇನ್ನಷ್ಟು ಕೊಬ್ಬು ಬಳಿದು, ನಾಯಿ ಬಾಯಿ ಹಾಕುತ್ತಿದ್ದಂತೆ ಮಾಮ ಕೋವಿಯನ್ನು ಎಳೆದ. ಅವಳು ಹೇಳಿದ್ದೇ ನಿಜವಾಯಿತು. ಬ್ಲಿಕ್ಸಮ್ ಕಚ್ಚಿ ಹಿಡಿದದ್ದು ಬಿಡಲೇ ಇಲ್ಲ. ಹಿಡಿಯ ಮೇಲೆ, ಪುಟ್ಟಿ ತುಂಬಿದ ಜಾಗದ ಪಕ್ಕದಲ್ಲೇ, ಹೊಸ ಗುರುತುಗಳು ಮೂಡಿದವು. ಕಾಫಿಯ ಚರಟವನ್ನೂ ಒಲೆಯ ಮಸಿಯನ್ನೂ ತಿಕ್ಕಿದ ಮೇಲೆ ಅವು ನೂರು ವರ್ಷ ಹಳತಾದವು. ಅಷ್ಟರಲ್ಲಿ ಡಾಕ್ಟರ್ ಮಾಲ್ಹರ್ಬರ ಕಾರು ಬಂದು ನಿಂತಿತು.

ಡಾಕ್ಟರು ಭೂತಗನ್ನಡಿ ತೆಗೆದರು. ನೋಡಿದರು. ಬೆರಳಿಟ್ಟರು.

“ಇದು ಯಾರು ಕಚ್ಚಿದ್ದು?”

“ಸಿಂಹ,” ಎಂದಳು ಹೆಸ್ತರ್ ತಡಮಾಡದೆ.

ಡಾಕ್ಟರು ಟೋಪಿ ತೆಗೆದರು. “ಅಹಾ! ಗಂಡು ಸಿಂಹ. ವಯಸ್ಸಾದದ್ದು. ಎಡಗಡೆ ಕೋರೆ ಮುರಿದಿದೆ.”

ಮೇಜಿನ ಕೆಳಗೆ ಬ್ಲಿಕ್ಸಮ್ ಆಕಳಿಸಿತು. ಅದರ ಎಡಗಡೆಯ ಕೋರೆ ಮುರಿದಿತ್ತು.

“ಹಂಗಾದ್ರೆ ಪಾಸಲ್ವಾ ಡಾಕ್ಟ್ರೇ? ಹೊರಡ್ಲಾ?” ಎಂದ ಸಾರೆಲ್.

“ಎಲ್ಲಿಗೆ? ಇಂಥ ಕೋವೀನ ಬೇಟೆಗೆ ಒಯ್ತೀರಾ? ತಲೆ ಕೆಟ್ಟಿದೆಯೇನ್ರೀ? ಮುಳ್ಳಿನ ಗೀರು ಬಿದ್ದರೆ? ಕಾಡುಕೋಣ ತುಳಿದರೆ?” ಡಾಕ್ಟರು ಜೇಬಿನಿಂದ ಕೆಂಪು ದಾರ ತೆಗೆದು ಎರಡೂ ಟ್ರಿಗರಿಗೆ ಸುತ್ತಿ ಅರಗಿನ ಮುದ್ರೆ ಒತ್ತಿದರು. “ಸಂಘದ ನಿಯಮ ಗೊತ್ತಲ್ಲ? ಮುದ್ರೆ ಬಿದ್ದ ಕೋವಿ ಇನ್ನು ಗುಂಡು ಹಾರಿಸೋ ಹಾಗಿಲ್ಲ. ಸೋಮವಾರ ಗಾಜಿನ ಬೀರುವಿಗೆ ಒಯ್ತೀವಿ.”

ನ್ಯಾಯವೇ ಇದು? ಗುರುತಿಲ್ಲದಿದ್ದರೆ ಅಟ್ಟಕ್ಕೆ, ಗುರುತಿದ್ದರೆ ಬೀರುವಿಗೆ. ಸಾರೆಲ್ ಕೂಗಿದ:

“ಇದು ನಾಯಿ ಕಚ್ಚಿದ್ದು ಡಾಕ್ಟ್ರೇ! ಇವತ್ತು ಬೆಳಿಗ್ಗೆ! ಈ ನಾಯಿನೇ! ಹೇಳಿ ಮಾಮ!”

ಓಕಿ ಮಾಮ ಒಮ್ಮೆ ಡಾಕ್ಟರನ್ನು ನೋಡಿದ. ರಸ್ತೆಯಲ್ಲಿ ಬೇಟೆಯವರ ಪಿಕಪ್ ಬಂದು ನಿಂತಿತ್ತು. ಅದರಲ್ಲಿ ಒಂದು ಸೀಟು ಖಾಲಿ ಇತ್ತು. ಮಾಮ ಅದನ್ನೂ ನೋಡಿದ.

“ನಂಗೇನ್ ಗೊತ್ತಪ್ಪ? ನಾನು ಬರೀ ಕೊಂಡಿ ಬಿಗಿ ಮಾಡಿದ್ದು.”

ಎಲ ಎಲಾ ದ್ರೋಹಿ! ಸಾರೆಲ್ ಉಳಿ ತಂದು, ಮರ ಎದ್ದರೆ ಏಳಲಿ ಎಂದು ಪುಟ್ಟಿ ಕಿತ್ತ. ಮುತ್ತಜ್ಜನ ಸಿಂಹದ ಹಲ್ಲಿನ ಗುರುತು ನಾಲ್ಕೂ ಹೊರಬಂದವು. “ನೋಡಿ! ನಿಜವಾದ ಸಿಂಹ ಇಲ್ಲಿದೆ!”

ಡಾಕ್ಟರು ಮತ್ತೆ ಭೂತಗನ್ನಡಿ ಹಿಡಿದರು. ಮುಖ ಗಂಟಿಕ್ಕಿದರು.

“ಇದು ನಾಯಿ. ಸಿಂಹದ ಗುರುತಿನ ಪಕ್ಕದಲ್ಲೇ ಮನೆ ನಾಯಿ ಕಚ್ಚಿ ಹಾಳು ಮಾಡಿರೋದನ್ನ ಪುಟ್ಟಿ ಮೆತ್ತಿ ಮುಚ್ಚಿದ್ದೀರಿ. ನಾಚಿಕೆ ಆಗ್ಬೇಕು ನಿಮಗೆ! ನಿಮ್ಮ ಮುತ್ತಜ್ಜ ಇದ್ದಿದ್ರೆ ಏನಂದ್ಕೊಳ್ತಿದ್ರು?”

ಪಿಕಪ್ ಹಾರ್ನ್ ಹೊಡೆಯಿತು. ಡಾಕ್ಟರು ಓಕಿ ಮಾಮನ ಕಡೆ ತಿರುಗಿದರು.

“ಹಿಂದಿಲ್ಲ ಮುಂದಿಲ್ಲದ ಕೋವಿ ನಿಮ್ಮದೇ ಅಲ್ವಾ? ಒಳ್ಳೇದೇ ಆಯ್ತು. ಗೀರು ಬಿದ್ರೂ ಅಳೋರಿಲ್ಲ. ತಗೊಂಡು ಬಂದು ಹತ್ತಿ.”

ಮಾಮ ಹುಡುಗನಂತೆ ಓಡಿಹೋಗಿ ಕೋವಿ ತಂದ. ದಾರಿಗೆಂದು ಕಟ್ಟಿಟ್ಟಿದ್ದ ಬುತ್ತಿ ಹಾಳಾಗುವುದು ಬೇಡವೆಂದು ಹೆಸ್ತರ್ ಅದನ್ನೂ ಅವನ ಕೈಗೇ ಕೊಟ್ಟಳು. ಉಂಡೂ ಹೋದ, ಕೊಂಡೂ ಹೋದ. ಸಾರೆಲ್ ಜಗಲಿಯ ಮೇಲೆ ಕುಸಿದು ಕೂತ. ಬ್ಲಿಕ್ಸಮ್ ಬಂದು, ಕೊಬ್ಬಿನ ವಾಸನೆ ಹಿಡಿದು, ಅವನ ತೊಡೆಯ ಮೇಲಿದ್ದ ಕೋವಿಯನ್ನು ಮೂಸಿತು.

ಕಾರು ಹತ್ತಲು ಹೊರಟಿದ್ದ ಡಾಕ್ಟರು ಅದನ್ನು ಕಂಡು ಗಾಬರಿಯಿಂದ ಓಡಿ ಬಂದರು.

“ಏನ್ರೀ ಇದು? ನಾಯೀನ ದೂರ ಕಟ್ಟಿ! ಅದರದೊಂದು ಹಲ್ಲು ತಾಗಿದ್ರೂ ಕೋವಿ ಹಾಳು!”