ಓಡಿಸದೆ ಕಾಪಾಡಿದ ಜನರೇಟರ್

ಹನ್ನೊಂದು ವರ್ಷದಲ್ಲಿ ನಲವತ್ತೊಂದು ಗಂಟೆ. ಎಲ್ಡನ್ ಕ್ರೂಸ್ ಹೆಂಡತಿಯೊಡನೆ ಒಳಗೇ ವಾಸಮಾಡುವ ಮನೆಗಾಡಿಯ ಜನರೇಟರ್ ಓಡಿದ್ದು ಅಷ್ಟೇ. ಮೀಟರಿನಲ್ಲಿ ಹಾಗೇ ಇತ್ತು. ಚಳಿಗಾಲ ಕಳೆಯಲು ಅರಿಜೋನಾದ ಮರಳುಗಾಡಿಗೆ ಬಂದು ದುಂಡಗೆ ಬೀಡುಬಿಟ್ಟಿದ್ದ ಹತ್ತೊಂಬತ್ತು ಗಾಡಿಗಳಲ್ಲಿ ಇಷ್ಟು ಕಡಿಮೆ ಓಡಿದ ಜನರೇಟರ್ ಇನ್ನೊಂದಿರಲಿಲ್ಲ. ಸಂಜೆ ಗಂಡಸರು ಕುರ್ಚಿ ಹಾಕಿಕೊಂಡು ಕೂತಾಗ ಒಬ್ಬ ಮೊಮ್ಮಕ್ಕಳ ಸುದ್ದಿ ಹೇಳಿದರೆ ಇನ್ನೊಬ್ಬ ಮಂಡಿ ಆಪರೇಷನ್ನಿನ ಸುದ್ದಿ ಹೇಳುತ್ತಿದ್ದ. ಎಲ್ಡನ್ ಮಾತು ಕಡಿಮೆಯವನು. ತನ್ನ ಸರದಿ ಬಂದಾಗ "ನಲವತ್ತೊಂದು" ಎಂದಷ್ಟೇ ಹೇಳಿ ಬಿಯರ್ ಗುಟುಕರಿಸುತ್ತಿದ್ದ.

ಈ ಕೀರ್ತಿಯ ಭಾರ ಹೊತ್ತವಳು ಹೆಂಡತಿ ನೋರೀನ್. ತಲೆ ಒಣಗಿಸಲು ಬಿಸಿಲು, ಕಾಫಿಗೆ ಗ್ಯಾಸ್ ಒಲೆ, ಇಸ್ತ್ರಿಯ ಹೆಸರೇ ಎತ್ತುವಂತಿಲ್ಲ.

"ಅದು ಇರೋದೇ ಓಡಿಸೋಕೆ ಅಲ್ವಾ?" ಎಂದು ಕೇಳಿದಳು ಒಂದು ದಿನ.

"ಓಡಿಸಿದ್ರೆ ಸವೆಯುತ್ತೆ."

"ನಾನು ನಲವತ್ತು ವರ್ಷದಿಂದ ಓಡ್ತಾ ಇದೀನಿ. ನನ್ನ ಸವೆತ ಯಾರು ನೋಡಿದ್ರು?"

ನಿನಗೆ ಮೀಟರ್ ಇಲ್ಲವಲ್ಲ ಎನ್ನೋಣವೆನ್ನಿಸಿತು ಎಲ್ಡನ್‌ಗೆ. ಅನ್ನಲಿಲ್ಲ. (ಸಂಸಾರಗಳು ಉಳಿಯುವುದೇ ಹೀಗೆ ಅನ್ನದೆ ಬಿಟ್ಟ ಮಾತುಗಳಿಂದ.)

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ಇಡೀ ಬೀಡಿಗೆ ಒಂಬತ್ತು ಕಿಲೋ ಟರ್ಕಿ ಕೋಳಿ ಬೇಯಿಸುವ ಹೊಣೆ ನೋರೀನಳದು, ಅದೂ ಕರೆಂಟಿನ ದೊಡ್ಡ ಪಾತ್ರೆಯಲ್ಲಿ. ಮೂರು ಗಂಟೆಗೆ ಊಟ. ವರ್ಷಕ್ಕೊಮ್ಮೆ ಜನರೇಟರಿಗೆ ದುಡಿಮೆ ಕೊಡಲು ಎಲ್ಡನ್ ಒಪ್ಪಿದ್ದ. ಬೆಳಿಗ್ಗೆ ಎಂಟಕ್ಕೆ ಗುಂಡಿ ಒತ್ತಿದ.

"ಟಿಕ್" ಎಂದಿತು. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ "ಟಿಕ್".

ಪಕ್ಕದ ಗಾಡಿಯ ಹಾರ್ಲನ್ ಬಕ್ನರ್ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಬಂದೇಬಿಟ್ಟ. ಅವನ ಜನರೇಟರ್ ಎರಡು ಸಾವಿರ ಗಂಟೆ ಓಡಿತ್ತು. "ನಮ್ಮಲ್ಲಿಂದ ಕರೆಂಟ್ ಎಳೀಲೇನೋ ಎಲ್ಡನ್?"

"ಬೇಡ."

"ಹತ್ತು ಗಂಟೆವರೆಗೆ ಟೈಮ್ ಕೊಡ್ತೀನಿ," ಎಂದಳು ನೋರೀನ್. "ಆಮೇಲೆ ಕೋಳಿ ಹಾರ್ಲನ್ ಗಾಡಿಗೆ ಹೋಗುತ್ತೆ."

ಬೆತ್ತಲೆ ಕೋಳಿ ಹತ್ತೊಂಬತ್ತು ಗಾಡಿಗಳ ಕಣ್ಣೆದುರಿಗೆ ಮೆರವಣಿಗೆ ಹೊರಟು ಹಾರ್ಲನ್ನನ ಬಾಗಿಲು ದಾಟುವುದು ಎಲ್ಡನ್‌ನ ಕಣ್ಣಿಗೆ ಕಟ್ಟಿತು. ಇಡೀ ಚಳಿಗಾಲ ಹಾರ್ಲನ್‌ಗೆ ಬೇರೆ ಮಾತೇ ಇರುವುದಿಲ್ಲ.

ಬ್ಯಾಟರಿ ಪೆಟ್ಟಿಗೆ ತೆರೆದ. ತುದಿಗಳ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಹಿಟ್ಟು ಕೂತಿತ್ತು. ಸ್ಪ್ಯಾನರ್ ಹಿಡಿದು ಕೈ ಹಾಕಿದ.

"ಕೈ ತೆಗಿ," ಎಂದಳು ನೋರೀನ್. ಅವಳ ಕೈಯಲ್ಲಿ ಜನರೇಟರಿನ ಪುಸ್ತಕ. ಹನ್ನೊಂದು ವರ್ಷದಿಂದ ಬಿಚ್ಚದಿದ್ದ ಪ್ಲಾಸ್ಟಿಕ್ ಹೊದಿಕೆ ಈಗಷ್ಟೇ ಹರಿದಿದ್ದಳು. "ಕನ್ನಡಕ ಹಾಕು. ಕೈಗವಸು ಹಾಕು. ಅದಕ್ಕೂ ಮೊದಲು ಉಂಗುರ ತೆಗಿ."

"ಮದುವೆ ಉಂಗುರ ಕಣೇ."

"ಸ್ಪ್ಯಾನರೂ ಉಂಗುರಾನೂ ಒಟ್ಟಿಗೆ ತಗುಲಿದ್ರೆ ಬೆರಳು ಸುಟ್ಟುಹೋಗುತ್ತೆ. ನಂಗೆ ಬೆರಳಿರೋ ಗಂಡ ಬೇಕು."

ಸೋಪು ಹಚ್ಚಿ ತಿರುಗಿಸಿ ಎಳೆದು ಹತ್ತು ನಿಮಿಷ ಒದ್ದಾಡಿದ ಮೇಲೆ ಉಂಗುರ ಬಂತು.

"ಡೈವೋರ್ಸಾ?" ಎಂದ ಹಾರ್ಲನ್, ಸಿಗಾರ್ ಹಚ್ಚಿಕೊಂಡು ಹತ್ತಿರ ಬರುತ್ತಾ.

"ಬ್ಯಾಟರಿ," ಎಂದ ಎಲ್ಡನ್.

"ಸಿಗಾರ್ ತಗೊಂಡು ಆಚೆ ನಡಿ ಹಾರ್ಲನ್," ಎಂದಳು ನೋರೀನ್. "ಇದರಿಂದ ಗ್ಯಾಸ್ ಬರುತ್ತೆ. ಕಿಡಿ ಹಾರಿದ್ರೆ ಕೋಳಿಗಿಂತ ಮುಂಚೆ ನಾವೇ ಬೇಯ್ತೀವಿ."

ಮೊದಲು ನೆಗೆಟಿವ್ ವೈರ್ ಬಿಚ್ಚಿಸಿದಳು, ಆಮೇಲೆ ಪಾಸಿಟಿವ್. ಅಡುಗೆ ಸೋಡಾ ಕದಡಿದ ನೀರಲ್ಲಿ ಬಿಳಿ ಹಿಟ್ಟು ತಿಕ್ಕಿಸಿದಳು. ಒಳಗೆ ಇಣುಕಿದರೆ ನೀರು ಬತ್ತಿ ಸೀಸದ ತಟ್ಟೆಗಳು ಬಾಯಿಬಿಟ್ಟಿದ್ದವು. ಎಲ್ಡನ್ ನಲ್ಲಿಯತ್ತ ಹೊರಟ.

"ನಲ್ಲಿ ನೀರು ಬೇಡ. ಡಿಸ್ಟಿಲ್ಡ್ ನೀರು ಬೇಕು. ನಿನ್ನ ಗೊರಕೆ ನಿಲ್ಲಿಸೋ ಮಿಷಿನ್ನಿಗೆ ಹಾಕೋದು ಒಂದು ಕ್ಯಾನ್ ಇದೆಯಲ್ಲ."

"ಅದು ನಂದು."

"ಇವತ್ತು ಬ್ಯಾಟರೀದು. ತಟ್ಟೆ ಮುಳುಗೋಷ್ಟು ಸಾಕು. ಉಳಿದದ್ದು ಚಾರ್ಜ್ ಆದ್ಮೇಲೆ."

ವೈರುಗಳನ್ನು ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ ಕೂತಿತು. ಒಂಬತ್ತೂ ಮುಕ್ಕಾಲು. ಹೊಗೆ ಕೊಳವೆಯ ಕೆಳಗಿನ ಒಣಹುಲ್ಲು ಎಳೆದುಹಾಕಿದ, ಆ ಕಡೆಯ ಕಿಟಕಿ ಮುಚ್ಚಿದ. ವಿಷಗಾಳಿ ಬಂದರೆ ಕೂಗುವ ಅಲಾರಂ ಒತ್ತಿ ನೋಡಿದರೆ ಅದೂ ಹೆಂಡತಿಯ ಹಾಗೆಯೇ ಕೂಗಿತು. ಗಾಡಿಯ ಎಂಜಿನ್ ಚಾಲೂ ಮಾಡಿ, ಅದರ ಬ್ಯಾಟರಿಯ ನೆರವು ಪಡೆಯುವ ಗುಂಡಿಯನ್ನೂ ಒತ್ತಿಹಿಡಿದು ಜನರೇಟರ್ ಎಬ್ಬಿಸಿದ.

ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ನಿಂತಿತು. ಹಾರ್ಲನ್ ಸುಮ್ಮನೆ ವೈರಿನ ಸುರುಳಿ ಬಿಚ್ಚತೊಡಗಿದ. ಮೂರನೆಯ ಸಲ ಕಪ್ಪು ಹೊಗೆ ಕಾರಿ, ಮೈ ಕೊಡವಿ, ಗುಡುಗುಡು ಹಿಡಿದೇಬಿಟ್ಟಿತು. ಗಂಟೆ ಹತ್ತಕ್ಕೆ ಎರಡು ನಿಮಿಷ.

ಎಲ್ಡನ್ ಸೊಂಟಕ್ಕೆ ಕೈಕೊಟ್ಟು ಗಾಡಿಗೆ ಒಂದು ಸುತ್ತು ಬಂದ. ದಿಗ್ವಿಜಯದ ಎರಡನೆಯ ಸುತ್ತು ಹಾರ್ಲನ್ನನ ಗಾಡಿಯನ್ನೂ ಸೇರಿಸಿ ಬಂದ.

"ಕೇಳಿಸ್ತಾ?"

"ಹೂಂ," ಎಂದ ಹಾರ್ಲನ್, ವೈರ್ ಸುತ್ತುತ್ತಾ.

ಐದು ನಿಮಿಷ ಬಿಸಿಯಾಗಲು ಬಿಟ್ಟು ನೋರೀನ್ ಪ್ಲಗ್ ಚುಚ್ಚಿದಳು. ಮೂರು ಗಂಟೆಗೆ ಹೊಂಬಣ್ಣದ ಕೋಳಿ ಎಲ್ಡನ್‌ನ ಬಾಗಿಲಿನಿಂದಲೇ ಹೊರಟು ಮೇಜಿಗೆ ಬಂತು. ಹಬ್ಬದ ಪದ್ಧತಿಯಂತೆ ಊಟಕ್ಕೆ ಮೊದಲು ಒಬ್ಬೊಬ್ಬರೂ ಎದ್ದು ಯಾವುದಕ್ಕೆ ಕೃತಜ್ಞರೆಂದು ಹೇಳಬೇಕು. ಎಲ್ಡನ್ ಎದ್ದ.

"ಜನರೇಟರ್‌ಗೆ," ಎಂದು ಕೂತ. ಚಪ್ಪಾಳೆಯೋ ಚಪ್ಪಾಳೆ. ಹಾರ್ಲನ್ ಕೂಡ ಬೆನ್ನು ತಟ್ಟಿದ.

ನೋರೀನ್ ಎದ್ದಳು. "ನಾನು ಈ ಪುಸ್ತಕಕ್ಕೆ. ಹದಿನಾಲ್ಕನೇ ಪುಟಕ್ಕೆ. ಓಡಿಸದೆ ಇಟ್ರೇ ಇದು ಹಾಳಾಗೋದಂತೆ. ತಿಂಗಳಿಗೊಂದ್ಸಲ ಎರಡು ಗಂಟೆ ಓಡಿಸಬೇಕಂತೆ. ಬರಿದೇ ಓಡಿಸಿದ್ರೂ ಸಾಲದು, ಲೋಡ್ ಕೊಡಬೇಕಂತೆ."

"ಏನು ಲೋಡು?" ಎಂದ ಎಲ್ಡನ್. ಅವನು ಆ ದಿನ ಆಡಿದ ಒಂದೇ ಅನಗತ್ಯ ಮಾತು ಅದು.

"ಇಸ್ತ್ರಿ ಪೆಟ್ಟಿಗೆ. ಕಸ ಹೀರೋ ಮಿಷಿನ್ನು. ಜನರೇಟರ್ ಯಾರದೋ ಲೋಡೂ ಅವರದೇ."

ಈ ಸಲದ ಚಪ್ಪಾಳೆ ಹೆಂಗಸರದು, ಬಹಳ ಹೊತ್ತು ನಿಲ್ಲಲಿಲ್ಲ. ಸಿಹಿ ಬಡಿಸುವಷ್ಟರಲ್ಲಿ ಪುಸ್ತಕ ಹತ್ತೊಂಬತ್ತು ಹೆಂಗಸರ ಕೈ ದಾಟಿತ್ತು.

ಡಿಸೆಂಬರಿನ ಮೊದಲ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹತ್ತೊಂಬತ್ತು ಜನರೇಟರುಗಳೂ ಒಟ್ಟಿಗೆ ಎದ್ದವು. ಹೆಂಗಸರು ಹೊಗೆ ಬಾರದ ಕಡೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಎದುರು ಕಿಟಕಿಯಲ್ಲಿ ಹಾರ್ಲನ್ ತಾನು ಇಸ್ತ್ರಿ ಮಾಡಿದ ದಿಂಬಿನ ಚೀಲ ಎತ್ತಿ ತೋರಿಸಿದ. ಎಲ್ಡನ್ ನಿಧಾನವಾಗಿ ನೋರೀನಳ ನೆರಿಗೆ ಲಂಗ ಎತ್ತಿ ಹಿಡಿದ. ಒಂದು ನೆರಿಗೆಯೂ ಸೊಟ್ಟಗಿರಲಿಲ್ಲ. ಹಾರ್ಲನ್ ತಲೆ ತಗ್ಗಿಸಿ ಕಿಟಕಿಯಿಂದ ಸರಿದ. ಮತ್ತೆ ಗೆದ್ದೆ ಎನ್ನಿಸಿ ಎಲ್ಡನ್‌ನ ಎದೆಯುಬ್ಬಿತು.

"ಎಲ್ಡನ್," ಎಂದು ಹೊರಗಿನಿಂದ ಕೂಗಿದಳು ನೋರೀನ್. "ಇನ್ನೂ ಒಂದು ಗಂಟೆ ಇದೆ. ಕಿಟಕಿ ಪರದೆಗಳನ್ನೂ ಬಿಚ್ಚಿಟ್ಟಿದೀನಿ, ನೋಡು."