ನಾನಿಲ್ಲದ ಕುರ್ಚಿಯಲ್ಲಿ ನನ್ನನ್ನು ಕಂಡವರಿಗೆ

ಕ್ರೀಡಾ ವಿಭಾಗದ ಹಾಜರಿ ಪರೀಕ್ಷಕರಾದ ಶ್ರೀ ಗಾರ್ಲಂಡ್ ಹಾಸ್ಕಿನ್ಸ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ತಮ್ಮ ಮೊಣಕಾಲಿನ ಕ್ಷೇಮ ವಿಚಾರಿಸಿ, ಆ ನೋವಿನಲ್ಲೂ ಮೂರು ಮಹಡಿ ಹತ್ತಿಳಿದು, ಬಾಗಿಲ ಗಾಜಿನ ಕಿಂಡಿಯಿಂದ ಇಣುಕಿ, ಆಟಗಾರರಾದ ನಾವು ಓದಲು ಕೂತಿದ್ದೇವೆಯೋ ಇಲ್ಲವೋ ಎಂದು ಪಟ್ಟಿಯಲ್ಲಿ ಗುರುತು ಹಾಕುವ ತಮ್ಮ ನಿಷ್ಠೆಗೆ ತಲೆಬಾಗಿ ಈ ಪತ್ರ ಆರಂಭಿಸುತ್ತಿದ್ದೇನೆ. ನಾನು ಒಡೆಸಾ ಪೆಟ್‌ವೇ, ಮೂರನೆಯ ವರ್ಷದ ವಿದ್ಯಾರ್ಥಿನಿ, ಗುಂಡು ಎಸೆಯುವವಳು. ಪರಿಚಯ ಹೇಳಿಕೊಳ್ಳುವುದು ತಮಗೆ ವಿಚಿತ್ರವೆನಿಸಬಹುದು, ಏಕೆಂದರೆ ಜನವರಿಯಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಹನ್ನೊಂದು ವಾರ ತಾವು ನನ್ನನ್ನು ಕಣ್ಣಾರೆ ಕಂಡಿದ್ದಾಗಿ ಸಹಿ ಹಾಕಿದ್ದೀರಿ. ಆದರೆ ನಾವಿಬ್ಬರೂ ಇನ್ನೂ ಭೇಟಿಯಾಗಿಲ್ಲ.

ವಿಷಯ ಇಷ್ಟು. ನನಗೆ ಪಶುವೈದ್ಯೆಯಾಗುವ ಆಸೆ. ಅಲಬಾಮಾದ ನಮ್ಮ ಊರಿಗೆ ಅತಿ ಹತ್ತಿರದ ಪಶುವೈದ್ಯರು ಐವತ್ತು ಮೈಲಿ ದೂರದಲ್ಲಿದ್ದಾರೆ, ಅವರು ಬಂದು ತಲುಪುವಷ್ಟರಲ್ಲಿ ನಮ್ಮಜ್ಜಿಯ ಹಸುಗಳು ಎರಡು ಸಲ ಕಾಯದೆ ಹೊರಟುಹೋದವು. ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಬೇಕಾದರೆ ರಸಾಯನಶಾಸ್ತ್ರದ ಪ್ರಯೋಗಾಲಯ ಮುಗಿಸಿರಲೇಬೇಕು, ಮೂರು ಸಲ ತಪ್ಪಿಸಿಕೊಂಡರೆ ನಪಾಸು. ಇದನ್ನು ನಮ್ಮ ಕ್ರೀಡಾ ವಿಭಾಗದ ಶಿಕ್ಷಣ ಸಲಹೆಗಾರ್ತಿ ಟ್ರೂಡಿ ವಿನ್ಸ್‌ಲೆಟ್ ಅವರಿಗೆ ಹೇಳಿದಾಗ ಅವರು ನನ್ನ ಕೈ ಸವರಿ, "ಅಯ್ಯೋ ಚಿನ್ನಾ, ಈ ಕೆಮಿಸ್ಟ್ರಿ ಗಿಮಿಸ್ಟ್ರಿ ಎಲ್ಲ ಯಾಕಮ್ಮ ನಿಂಗೆ? ವಿರಾಮ ನಿರ್ವಹಣೆ ಅಂತ ಒಂದು ಕೋರ್ಸಿದೆ, ನಿಮ್ಮೋರೆಲ್ಲ ಅದೇ ತಗೊಂಡು ಆರಾಮಾಗಿದಾರೆ" ಎಂದರು. ಬೆಳಗಿನ ಜಾವ ಐದಕ್ಕೆದ್ದು ಭಾರ ಎತ್ತುವವಳಿಗೆ ವಿರಾಮವನ್ನು ಪುಸ್ತಕದಲ್ಲಾದರೂ ತೋರಿಸೋಣವೆಂಬ ಅವರ ಕರುಣೆಯನ್ನು ನಾನು ಮರೆಯಲಾರೆ.

ಆದರೂ ಹಟ ಹಿಡಿದು ಪ್ರಯೋಗಾಲಯಕ್ಕೆ ಹೆಸರು ಹಚ್ಚಿದೆ. ಅದು ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಎರಡರಿಂದ ಐದು. ಕ್ರೀಡಾ ವಿಭಾಗದವರು ನನಗೆ ಕಡ್ಡಾಯವಾಗಿ ಗೊತ್ತುಮಾಡಿದ ಓದುವ ಅವಧಿಯೂ ಅದೇ ದಿನ, ಅದೇ ಹೊತ್ತು. ಬದಲಾಯಿಸಿ ಕೊಡಿ ಎಂದು ಅರ್ಜಿ ಕೊಟ್ಟಾಗ, ಓದುವ ಅವಧಿಯು ವಿದ್ಯಾರ್ಥಿಗಳ ಓದಿನ ಏಳಿಗೆಗಾಗಿಯೇ ಇರುವುದರಿಂದ ಪಾಠದಂಥ ಕಾರಣಗಳಿಗೆ ಅದನ್ನು ಬಿಡುವಂತಿಲ್ಲ ಎಂಬ ಉತ್ತರ ಬಂತು. ಆ ಉತ್ತರವನ್ನು ಈಗಲೂ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ನಾನು ಪ್ರಯೋಗಾಲಯಕ್ಕೆ ಹೋದೆ. ಮೊದಲ ವಾರವೇ ಸಿಕ್ಕಿಬೀಳುತ್ತೇನೆಂದು ಕ್ಷಮಾಪಣೆಯ ಪತ್ರವನ್ನೂ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಆದರೆ ಶುಕ್ರವಾರ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಮ್ಮ ಹಸ್ತಾಕ್ಷರದಲ್ಲಿ 'ಹಾಜರು' ಎಂದಿತ್ತು, ಮುಂದಿನ ವಾರವೂ ಇತ್ತು, ಅದರ ಮುಂದಿನ ವಾರ ಪಕ್ಕದಲ್ಲಿ 'ಬಹಳ ಶ್ರದ್ಧೆ' ಎಂಬ ಟಿಪ್ಪಣಿಯೂ ಸೇರಿತು.

ರಹಸ್ಯ ಆಮೇಲೆ ತಿಳಿಯಿತು. ಓದುವ ಕೋಣೆಯಲ್ಲಿ ಆಟಗಾರರಿಗೆ ಲೆಕ್ಕ ಹೇಳಿಕೊಡಲು ಗಣಿತ ವಿಭಾಗದಿಂದ ಬರುವ ಸಂಶೋಧಕಿ ಮಾರ್ವೆಲಾ ಟಿಬ್ಸ್ ಕಪ್ಪು ಹುಡುಗಿ. ಆ ಅವಧಿಯ ಪಟ್ಟಿಯಲ್ಲಿರುವ ಕಪ್ಪು ಹುಡುಗಿ ನಾನೊಬ್ಬಳೇ. ನಾನು ಆರಡಿ ಎತ್ತರ, ಬಾಗಿಲಲ್ಲಿ ನಿಂತರೆ ಬೆಳಕು ಕಾಣುವುದಿಲ್ಲ. ಮಾರ್ವೆಲಾ ನನ್ನ ಮೊಣಕೈವರೆಗೆ ಬರುತ್ತಾಳೆ, ದಪ್ಪ ಕನ್ನಡಕದವಳು, ನೀರಿನ ಕ್ಯಾನು ಎತ್ತಲು ಇನ್ನೊಬ್ಬರನ್ನು ಕರೆಯುತ್ತಾಳೆ. ಅವಳು ತಮ್ಮ ಬಳಿ ಬಂದು, "ಸಾರ್, ನಾನು ಆಟಗಾರ್ತಿ ಅಲ್ಲ, ಇಲ್ಲಿ ಪಾಠ ಹೇಳ್ಕೊಡೋಳು" ಎಂದಾಗ ತಾವು ನಕ್ಕು, "ಸಾಕು ಸಾಕು ತಮಾಷೆ, ಕೂತ್ಕೊಂಡು ಓದ್ಕೋ ಒಡೆಸಾ, ಶನಿವಾರ ಚೆನ್ನಾಗಿ ಎಸೀಬೇಕು" ಎಂದಿರಂತೆ.

ಇಂಥ ದಿವ್ಯದೃಷ್ಟಿ ಎಲ್ಲರಿಗೂ ಒಲಿಯುವುದಿಲ್ಲ ಮಾನ್ಯರೇ. ಕ್ರೀಡಾ ಕಟ್ಟಡದಲ್ಲಿ ಕಪ್ಪು ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತಿದ್ದರೆ ಅವಳು ಕಲಿಯಲು ಬಂದ ಆಟಗಾರ್ತಿಯೇ ಹೊರತು ಕಲಿಸಲು ಬಂದವಳಾಗಿರಲಾರಳೆಂದು ಒಂದೇ ಇಣುಕಿಗೆ ತೀರ್ಮಾನಿಸುವುದು ಸಣ್ಣ ವಿದ್ಯೆಯೇ? ತಮ್ಮ ಈ ಶಕ್ತಿಯನ್ನು ಕಟ್ಟಡದ ಹೊರಗೂ ಬಳಸಬೇಕೆಂದು ನನ್ನ ವಿನಂತಿ. ಭಾನುವಾರ ನಮ್ಮಜ್ಜಿಯ ಚರ್ಚಿನ ಕಿಟಕಿಯಲ್ಲೂ ದಯಮಾಡಿ ಒಮ್ಮೆ ಇಣುಕಿ, ಅಲ್ಲಿ ನನ್ನಂಥವರು ತೊಂಬತ್ತು ಜನ ಸಿಗುತ್ತಾರೆ, ಅಷ್ಟೂ ಹಾಜರಿಯನ್ನು ನನ್ನ ಹೆಸರಿಗೇ ಹಾಕಿದರೆ ಮುಂದಿನ ಎರಡು ವರ್ಷ ನಾನು ನಿಶ್ಚಿಂತೆಯಿಂದ ಪಾಠ ಕೇಳಬಹುದು.

ಆದರೆ ಹನ್ನೆರಡನೆಯ ವಾರ ಮಾರ್ವೆಲಾಳಿಗೆ ಜ್ವರ ಬಂತು. ಅವಳು ಮಲಗಿದಳು, ನಾನು ಗೈರುಹಾಜರಾದೆ. ಎರಡು ಗೈರುಹಾಜರಿಗೆ ಶುಕ್ರವಾರ ವಿಚಾರಣೆ: ಪ್ರಯೋಗಾಲಯ ಬಿಟ್ಟು ಓದುವ ಕೋಣೆಗೆ ಮರಳಬೇಕು, ಇಲ್ಲವಾದರೆ ಮುಂದಿನ ವರ್ಷದ ವಿದ್ಯಾರ್ಥಿವೇತನ ಇಲ್ಲ. ಅದಿಲ್ಲದೆ ನನಗೆ ಈ ವಿಶ್ವವಿದ್ಯಾಲಯವೇ ಇಲ್ಲ. ಪ್ರಯೋಗಾಲಯ ಮುಗಿಯಲು ಇನ್ನು ಮೂರೇ ವಾರ, ಇದುವರೆಗೆ ಒಂದನ್ನೂ ನಾನು ತಪ್ಪಿಸಿಲ್ಲ. ಅಜ್ಜಿಗೆ ಫೋನು ಮಾಡಿ ಅತ್ತೆ. ಅವಳು, "ನೋಡು ಮಗಾ, ಆ ಕಬ್ಬಿಣದ ಗುಂಡನ್ನ ಎಷ್ಟು ದೂರ ಬೇಕಾದ್ರೂ ಎಸಿ, ಪುಸ್ತಕ ಮಾತ್ರ ಎಸೀಬೇಡ. ಹಸು ಮತ್ತೆ ಗಬ್ಬ ಆಗೈತೆ" ಎಂದು ಫೋನಿಟ್ಟಳು.

ನನಗೆ ಸಿಟ್ಟು ಬಂದಿದೆ ಮಾನ್ಯರೇ, ಅದನ್ನು ಮುಚ್ಚಿಡಲಾರೆ. ಹನ್ನೊಂದು ವಾರ ನಾನಿಲ್ಲದ ಕಡೆ ನನ್ನನ್ನು ಕಂಡ ತಾವು ಒಂದೇ ಒಂದು ಗುರುವಾರ ರಸಾಯನಶಾಸ್ತ್ರದ ಕಟ್ಟಡಕ್ಕೆ ಬನ್ನಿ. ಅಲ್ಲಿ ಮೆಟ್ಟಿಲು ಹತ್ತಬೇಕಾಗಿಲ್ಲ, ನೆಲಮಹಡಿಯೇ. ಬಾಗಿಲಿಗೆ ಗಾಜಿನ ಕಿಂಡಿಯೂ ಇದೆ. ಕಿಟಕಿ ಪಕ್ಕದ ಮೂರನೆಯ ಮೇಜಿನಲ್ಲಿ, ತೋಳಿಗೆ ಸಾಲದ ಬಿಳಿ ಕೋಟು ತೊಟ್ಟು, ಉಸಿರು ಬಿಗಿಹಿಡಿದು ಹನಿ ಎಣಿಸುತ್ತಿರುವವಳು ನಾನು.

ಇಂತಿ, ಕುಳಿತ ಕಡೆಯೇ ಕಾಣಿಸಿಕೊಳ್ಳಲು ಹಂಬಲಿಸುವ
ತಮ್ಮ ವಿಶ್ವಾಸಿ,
ಒಡೆಸಾ ಪೆಟ್‌ವೇ

ತಾ.ಕ.: ಶುಕ್ರವಾರದ ವಿಚಾರಣೆಗೆ ತಾವೇ ಮುಖ್ಯ ಸಾಕ್ಷಿಯೆಂದು ತಿಳಿಯಿತು. ಮಾರ್ವೆಲಾಳ ಜ್ವರ ಇಳಿದಿದೆ, ಅವಳೂ ಬರುತ್ತಾಳೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಬಾಯಿಮುಚ್ಚಿ ಕೂತಿರುತ್ತೇವೆ. ತಾವು ಹನ್ನೊಂದು ವಾರ ನೋಡಿದ ಒಡೆಸಾ ಯಾರೆಂದು ಸಮಿತಿಯ ಮುಂದೆ ಬೆರಳು ಮಾಡಿ ತೋರಿಸಿ. ಆ ಬೆರಳು ನನ್ನ ಕಡೆ ಬಂದರೆ, ಅಂದೇ ಪ್ರಯೋಗಾಲಯ ಬಿಡುತ್ತೇನೆ.