ಒಂದು ಡಬ್ಬಿ, ಎರಡು ಪಾಳಿ

ಗಂಡ ಹೆಂಡತಿ ಇಬ್ಬರಿದ್ದು ಹಾಡಿನ ಡಬ್ಬಿ ಒಂದೇ ಇರುವ ಮನೆಗೆ ದೆವ್ವ ಬೇರೆ ಬೇಕಾಗಿಲ್ಲ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಕೇಳಿದವರು ನಗುತ್ತಾರೆ. ನಗುವವರ ಮನೆಯಲ್ಲಿ ಎರಡು ಡಬ್ಬಿ ಇರುತ್ತವೆ.

ನಮ್ಮದು ಹಾವೇರಿ ಬಸ್ ಸ್ಟ್ಯಾಂಡಿನ ಎದುರು ಕೊಂಡ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬ್ಲೂಟೂತ್ ಸ್ಪೀಕರ್. ಫೋನಿನಲ್ಲಿ ಹಚ್ಚಿದ್ದನ್ನು ವೈರಿಲ್ಲದೆ ಕೇಳಿಸುತ್ತದೆ. ನನ್ನ ಫೋನು, ಹೆಂಡತಿಯ ಫೋನು, ಅದಕ್ಕೆ ಗೊತ್ತಿರುವುದು ಇವೆರಡೇ. ಯಾವುದು ಮೊದಲು ಹತ್ತಿರ ಬಂದರೂ ತಾನಾಗಿ ಹಿಡಿದುಕೊಂಡು, ಒಳಗಿನಿಂದ ಹುಡುಗಿಯೊಬ್ಬಳ ದನಿಯಲ್ಲಿ ‘ಕನೆಕ್ಟೆಡ್’ ಅನ್ನುತ್ತದೆ. ನನಗೆ ಭಜನೆ ಪದ ಬೇಕು. ಹೆಂಡತಿ ಹೊಲಿಗೆ ಮಷೀನು ತುಳಿಯುತ್ತ ಕೇಳುವುದು ದೆವ್ವದ ಕತೆ. ಅದಕ್ಕೇ ಪಾಳಿ ಮಾಡಿಕೊಂಡಿದ್ದೆವು. ಒಂದು ದಿನ ನನಗೆ, ಒಂದು ದಿನ ಅವಳಿಗೆ.

೧. ಒಳಗಿನ ಅಕ್ಕಾರು

ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಾರಕೂನ. ಯಾರ ಮೆಣಸಿನಕಾಯಿ ಚೀಲ ಯಾವ ಕೋಣೆಯಲ್ಲಿದೆ ಎಂದು ಬರೆದಿಡುವುದು ಕೆಲಸ. ಒಮ್ಮೆ ಅವಳ ಪಾಳಿಯ ದಿನ ಡಬ್ಬಿಯನ್ನು ಕದ್ದು ಒಯ್ದೆ. ಕೋಣೆಯೊಳಗೆ ಚೀಲಗಳ ಮೇಲಿಟ್ಟು, ಮರೆತು ಹೊರಗೆ ಬಂದೆ. ನನ್ನ ಫೋನು ಆಫೀಸಿನಲ್ಲಿ ಚಾರ್ಜಿಗಿತ್ತು.

ಒಳಗೆ ಕತ್ತಲು, ಮೈ ನಡುಗಿಸುವ ಚಳಿ. ಹಮಾಲರು ಚೀಲ ಹೊತ್ತು ಬಾಗಿಲಿಗೆ ಬಂದಿದ್ದರು. ಅಷ್ಟರಲ್ಲಿ ಒಳಗಿನಿಂದ ‘ಕನೆಕ್ಟೆಡ್’ ಎಂದಿತು. ಹಿಂದೆಯೇ ಒಬ್ಬ ಹೆಂಗಸು ನಿಧಾನವಾಗಿ, “ಬಾ... ಒಬ್ಬನೇ ಬಾ” ಎಂದಳು.

ಹಮಾಲರ ಹಿರಿಯ ಚೀಲ ಇಳಿಸಿ ನನ್ನ ಕಡೆ ನೋಡಿದ. “ಸಾಹೇಬ್ರ, ಒಳಗಿನ ಅಕ್ಕಾರು ಒಬ್ಬರನ್ನ ಕರಿಯಾಕತ್ತಾರ. ನೀವ ಹೋಗ್ರಿ.”

“ನಾನ ಯಾಕ?”

“ನಮ್ಮಾಗ ಒಬ್ಬಾವ ಕಡಿಮಿ ಆದ್ರ ಲಾರಿ ನಿಲ್ಲತೈತಿ. ನೀವು ಬರೇ ಬರಿಯೋರು.”

ಹಿಂದೆ ತಿರುಗಿದರೆ ಹೆಂಡತಿ. ನಾನು ಮರೆತ ಬುತ್ತಿ ತಂದಿದ್ದಾಳೆ. ಕತೆ ಕೇಳುತ್ತ ಬಂದವಳು, ಫೋನಿನ ದನಿ ಒಮ್ಮೆಲೇ ಎಲ್ಲಿ ಹೋಯಿತೆಂದು ಅದನ್ನು ತಟ್ಟಿ ತಟ್ಟಿ ನೋಡುತ್ತಿದ್ದಾಳೆ.

೨. ಚೀಲದೊಳಗಿನವರು

ಹಾವೇರಿಗೆ ಹೋಗುವ ಬಸ್ಸು. ಹೆಂಡತಿ ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ, ತೊಡೆಯ ಮೇಲೆ ಚೀಲ. ಬಸ್ಸು ಊರು ದಾಟುತ್ತಲೇ ಚೀಲ ಮಾತಾಡಿತು. “ನನ್ನನ್ನು ಯಾಕೆ ಇದರೊಳಗೆ ಮುಚ್ಚಿಟ್ಟೆ?”

ಪಕ್ಕದಲ್ಲಿದ್ದ ಮುದುಕ ಎದ್ದು ನಿಂತ. ಅವನನ್ನು ನೋಡಿ ಮುಂದಿನ ಸೀಟಿನವರೂ ಎದ್ದರು. ನಾನು ಚೀಲಕ್ಕೆ ಕೈ ಹಾಕಿ ಡಬ್ಬಿ ಹುಡುಕುತ್ತಿದ್ದರೆ ಜನ ಇನ್ನಷ್ಟು ದೂರ ಸರಿದರು. ಕಂಡಕ್ಟರ್ ಮಾತ್ರ ಹತ್ತಿರ ಬಂದು ಬಗ್ಗಿ ಕೇಳಿಸಿಕೊಂಡ.

“ಹೆಣ್ಣಮಗಳ ದನಿ ಐತಿ. ಟಿಕೆಟ್ ಬ್ಯಾಡ” ಎಂದ. “ಆಧಾರ್ ಕಾರ್ಡ್ ಅಷ್ಟ ತೋರಸಾಕ ಹೇಳ್ರಿ.”

೩. ಹತ್ತು ದಿನ ಭಜನೆ

ಬಸ್ಸಿನಲ್ಲಾದ ಅವಮಾನ ನನ್ನ ತಲೆಗೇರಿತ್ತು. ಮನೆಗೆ ಬಂದವನೇ, “ನಿನ್ನ ದೆವ್ವಗಳನ್ನ ಕರ್ಕೊಂಡು ಎಲ್ಲಿಗರ ಹೋಗು” ಎಂದುಬಿಟ್ಟೆ.

“ಹೊಂಟೆ. ದೊಡ್ಡದೊಂದನ್ನ ಮನಿಯಾಗ ಬಿಟ್ಟು ಹೊಂಟೇನಿ” ಎಂದವಳೇ ಮೇಡ್ಲೇರಿಯ ತವರಿಗೆ ಹೋದಳು.

ಸಿಟ್ಟು ಮಾಡಿ ಹೋದ ಹೆಂಡತಿಯನ್ನು ಗಂಡ ಹೋಗಿ ಕರೆದು ತರಬೇಕು. ಕರೆಯದೆ ಅವಳು ಬರುವಂತಿಲ್ಲ. ನಾನು ಕರೆಯಲಿಲ್ಲ. ಹತ್ತು ದಿನ ಪಾಳಿ ಪೂರಾ ನನ್ನದೇ. ಎರಡನೆಯ ದಿನಕ್ಕೇ ಭಜನೆ ಸಪ್ಪಗಾಯಿತು. ನಾಲ್ಕನೆಯ ದಿನದಿಂದ ಡಬ್ಬಿಯನ್ನು ಮುಟ್ಟಲೇ ಇಲ್ಲ. ಹೊಲಿಗೆ ಮಷೀನಿನ ಸದ್ದಿಲ್ಲದ ಮನೆ ತಡೆಯಲಾಗುತ್ತಿರಲಿಲ್ಲ. ಅವಳು ಬರದೇ ಹೋದರೆ ಎಂದು ಖರೇ ಭಯವಾಗಿತ್ತು. ಆದರೂ ಹೋಗಲಿಲ್ಲ. ಗಂಡಸು ನೋಡಿ.

೪. ಅಮಾವಾಸ್ಯೆಯ ಮಧ್ಯಾಹ್ನ

ಹತ್ತನೆಯ ದಿನ ಅಮಾವಾಸ್ಯೆ. ಉಂಡು ಕೂತಿದ್ದೆ. ಕರೆಂಟಿರಲಿಲ್ಲ. ನನ್ನ ಫೋನು ಬೆಳಿಗ್ಗೆಯೇ ಚಾರ್ಜಿಲ್ಲದೆ ಸತ್ತು ಕೈಯಲ್ಲಿತ್ತು. ಓಣಿಯಲ್ಲಿ ನಾಯಿಯ ಸದ್ದೂ ಇಲ್ಲ.

ಗೋಡೆಯ ಮಾಡದಲ್ಲಿದ್ದ ಡಬ್ಬಿ, “ಕನೆಕ್ಟೆಡ್” ಎಂದಿತು.

ಅದಕ್ಕೆ ಗೊತ್ತಿರುವ ಇನ್ನೊಂದು ಫೋನು ಮೇಡ್ಲೇರಿಯಲ್ಲಿದೆ. ಡಬ್ಬಿಯೊಳಗಿನ ಹೆಂಗಸು, “ಬಾಗಿಲು ತೆಗೀರಿ... ನಾನು ಬಂದಿದ್ದೀನಿ” ಎಂದಳು. ಎದ್ದು ಮುಂಬಾಗಿಲು ತೆರೆದೆ. ಬಿಸಿಲು ಬಿಟ್ಟರೆ ಯಾರೂ ಇಲ್ಲ. ಒಳಗೆ ಅದೇ ದನಿ, ಅದೇ ಮಾತು.

ಅವಳಿಗೆ ಏನೋ ಆಗಿದೆ ಎಂದೇ ತಿಳಿದೆ. ಮಾಡದ ಮುಂದೆ ಕೂತು ಕೈಮುಗಿದೆ. “ತಪ್ಪಾತು. ಡಬ್ಬಿ ದಿನಾ ನೀನ ಇಟ್ಕೊ. ನನ್ನ ಪಾಳಿನೂ ನಿನಗ. ಎಲ್ಲಿದ್ದರೂ ಚೊಲೋತಂಗ ಇರು” ಎನ್ನುತ್ತ ಅತ್ತೇಬಿಟ್ಟೆ.

“ದಿನಾ ಅಂದ್ರ, ಐತವಾರನೂ ಏನ್ರಿ?” ಎಂದು ಬೆನ್ನ ಹಿಂದಿನಿಂದ ದನಿ ಬಂತು.

ಹಿತ್ತಲ ಬಾಗಿಲಲ್ಲಿ ಹೆಂಡತಿ, ಕಂಕುಳಲ್ಲಿ ಗಂಟು. ಹೋದ ಜೀವ ಬಂತು. ಜೀವದ ಹಿಂದೆಯೇ ಸಿಟ್ಟೂ ಬಂತು. “ಹಿಂಗ ಹೆದರಸತಾರೇನು? ಹೊರಗ ಕುಂತು ಕತಿ ಹಚ್ಚೀದಿ?”

“ನಾನೆಲ್ಲಿ ಹಚ್ಚೇನಿ?” ಎಂದಳು. “ಅರ್ಧ ತಾಸಾತು ಹಿತ್ತಲದಾಗ ಕುಂತು. ಕರೀದ ಹೆಂಗ ಒಳಗ ಬರ್ಲಿ? ವಾಪಸ್ ಹೋಗೂಣಂತ ಎದ್ದಿದ್ದೆ. ಒಳಗ ನನ್ನ ಕತಿ ಕೇಳಿಸ್ತು. ನನ್ನ ನೆನಪಿಗೆ ನೀವ ಹಚ್ಕೊಂಡು ಕುಂತೀರಿ ಅಂತ ಖುಷಿಯಾಗಿ ಬಂದೆ.”

“ನನ್ನ ಫೋನ್ ಬಂದ್ ಐತಿ. ಹಚ್ಚಿದ್ದು ನಿನ್ನ ಫೋನು.”

ಅವಳು ಗಂಟು ಬಿಚ್ಚಿ ಫೋನು ತೆಗೆದು ತೋರಿಸಿದಳು. ರಾಣೇಬೆನ್ನೂರಿನಲ್ಲಿ ಬಸ್ಸು ಹತ್ತುವಾಗಲೇ ಬಂದ್ ಆಗಿತ್ತಂತೆ.

ಇಬ್ಬರೂ ಮಾಡದ ಕಡೆ ನೋಡಿದೆವು. ಡಬ್ಬಿ ಸುಮ್ಮನಾಗಿತ್ತು.

ಅಂದಿನಿಂದ ಪಾಳಿಗಾಗಿ ನಮ್ಮಲ್ಲಿ ಜಗಳವಿಲ್ಲ. ನಾನು ಕೈಮುಗಿದು ಆಡಿದ ಮಾತಿನಂತೆ ಎಲ್ಲ ದಿನವೂ ಅವಳದೇ. ಅಮಾವಾಸ್ಯೆಯ ಮಧ್ಯಾಹ್ನ ಮಾತ್ರ ಡಬ್ಬಿಯನ್ನು ಪೂರ್ತಿ ಚಾರ್ಜ್ ಮಾಡಿ ಮಾಡದಲ್ಲಿಟ್ಟು, ಇಬ್ಬರೂ ಬಾಗಿಲು ಹಾಕಿಕೊಂಡು ಹೊರಗೆ ಹೋಗುತ್ತೇವೆ. ನಮ್ಮ ಸಂಸಾರ ಉಳಿಸಿದವರು, ಅವರಿಗೂ ಒಂದು ಪಾಳಿ ಬೇಡವೇ?